ವಿಶ್ವ ಕಿರೀಟಕ್ಕೆ ಒಂಬೈನೂರು ಗ್ರಾಂ

ಆ ಹುಡುಗನ ತೂಕ ಎಷ್ಟು ಎಂಬ ಬಗ್ಗೆ ತುಮಕೂರಿನಲ್ಲಿ ಮೂರು ಅಭಿಪ್ರಾಯಗಳಿದ್ದವು. ರೈಲ್ವೆ ಸ್ಟೇಷನ್ನಿನಲ್ಲಿ ಕಾಸು ಹಾಕಿದರೆ ಚೀಟಿ ಉದುರಿಸುವ ಯಂತ್ರದ ಪ್ರಕಾರ ಐವತ್ತಮೂರು ಕೆಜಿ, ಜೊತೆಗೆ ವಿದೇಶ ಪ್ರಯಾಣದ ಯೋಗ. ಡಾಕ್ಟರ ಶಾಪಿನಲ್ಲಿ ಐವತ್ತು. ಅವನು ಅಭ್ಯಾಸ ಮಾಡುತ್ತಿದ್ದ ಶೆಡ್ಡಿನ ಸ್ಪ್ರಿಂಗ್ ತಕ್ಕಡಿಯಲ್ಲಿ ಬಲಗಾಲು ಊರಿದರೆ ಒಂದು, ಎಡಗಾಲು ಊರಿದರೆ ಇನ್ನೊಂದು. ವಿಶ್ವ ಚಾಂಪಿಯನ್ ಪಟ್ಟಕ್ಕೆ ಹೊಡೆದಾಡಲು ಹೊರಟವನಿಗೆ ಇದು ಸರಿಬರುವ ವ್ಯವಹಾರವಲ್ಲ. ಹಾಗಾಗಿ ಒಂದು ಬೆಳಿಗ್ಗೆ ಅವನ ಕೋಚು ಅವನನ್ನು ಕರೆದುಕೊಂಡು, ನಾನು ತೂಕದವನಾಗಿದ್ದ ಹುಣಸೆಹಣ್ಣಿನ ಮಂಡಿಗೆ ಬಂದ.

ಕೋಚು ಕುಣಿಗಲ್ ಕಡೆಯವನು. ಮಿಲಿಟರಿಯಲ್ಲಿ ಬಾಕ್ಸಿಂಗ್ ಕಲಿತು ಬಂದು, ಆಮೇಲೆ ಹತ್ತು ವರ್ಷ ಕುದುರೆ ಸಾಕುವ ಕೆಲಸ ಮಾಡಿದ್ದ. ಹುರುಳಿ ಕೊಳ್ಳಲು ಬರುತ್ತಿದ್ದ ಕಾಲದಿಂದಲೂ ನನಗೆ ಸ್ನೇಹ. ಮನುಷ್ಯರ ಬಗ್ಗೆ ಮಾತಾಡುವಾಗಲೂ ಅವನಿಗೆ ಕುದುರೆಯದೇ ಭಾಷೆ.

"ನೋಡಣ್ಣ, ಈ ಮರಿ ಐವತ್ತು ಕೆಜಿ ಎಂಟ್ನೂರು ಗ್ರಾಮಿಗಿಂತ ಮ್ಯಾಲಕ್ಕೆ ಹೋಗಂಗಿಲ್ಲ. ಹೋದ್ರೆ ಬೆಲ್ಟು ಇಲ್ಲ. ಊರಲ್ಲಿ ನಂಬೋ ಅಂಥ ತಕ್ಕಡಿ ಅಂದ್ರೆ ನಿಂದೊಂದೇ," ಎಂದ.

ಹೊಗಳಿಕೆಗೆ ನಾನು ಬೀಳುವವನಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಬಿದ್ದೆ. ಇಪ್ಪತ್ತು ವರ್ಷ ತಕ್ಕಡಿ ಮುಂದೆ ನಿಂತವನು ನಾನು. ನನ್ನ ತೂಕದ ಮೇಲೆ ರೈತನೂ ತಕರಾರು ತೆಗೆದಿರಲಿಲ್ಲ, ಸಾಹುಕಾರನೂ ತೆಗೆದಿರಲಿಲ್ಲ. ಅವತ್ತಿನಿಂದ ನಾನು ಹುಡುಗನ ತಂಡಕ್ಕೆ ಸೇರಿದೆ. ನನ್ನ ಹುದ್ದೆಯ ಹೆಸರು 'ವೇಟ್ ಇನ್‌ಚಾರ್ಜ್'. ಹಾಗೆಂದು ಹೆಂಡತಿಗೆ ಹೇಳಿದಾಗ ಅವಳು, "ಇಷ್ಟು ದಿನ ಇನ್ನೇನಾಗಿದ್ರಿ?" ಎಂದಳು.

ಹುಡುಗ ಗುಬ್ಬಿಯವನು, ವಯಸ್ಸು ಇಪ್ಪತ್ತೊಂದು. ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಡ್ರಿಲ್ಲಿಂಗ್ ಮೆಷಿನ್ ಕೆಲಸ, ಬೆಳಿಗ್ಗೆ ಸಂಜೆ ಬಾಕ್ಸಿಂಗ್. ಬೆಂಗಳೂರು, ಚೆನ್ನೈ ಎಂದು ಹೋಗಿ ಒಂಬತ್ತು ಜನರನ್ನು ಸೋಲಿಸಿ ಬಂದಿದ್ದ. ಇಷ್ಟಾದರೂ ಗುಬ್ಬಿ ಬಸ್ಸಿನಲ್ಲಿ ಸೀಟಿಗಾಗಿ ಯಾರೊಂದಿಗೂ ಜಗಳವಾಡದ ಪ್ರಾಣಿ. ಎದುರಾಳಿ ಥಾಯ್ಲೆಂಡಿನವನು, ಆಗಲೇ ಚಾಂಪಿಯನ್. ವಿಶ್ವ ಪಟ್ಟ ಕೊಡುವ ಸಂಸ್ಥೆಗಳು ಪ್ರಪಂಚದಲ್ಲಿ ಹತ್ತಾರು ಇವೆಯೆಂದು, ಯುವಕರಿಗೇ ಬೇರೆ ಪಟ್ಟವಿದೆಯೆಂದು ನನಗೆ ಆಮೇಲೆ ತಿಳಿಯಿತು. ನಮ್ಮದು ಅವುಗಳಲ್ಲಿ ಎಷ್ಟನೆಯದೋ. ಆದರೆ ಬೆಲ್ಟು ಇತ್ತು, ಬೆಲ್ಟಿನ ನಡುವೆ ಭೂಮಂಡಲದ ಚಿತ್ರವಿತ್ತು, ಪಂದ್ಯ ನಮ್ಮ ತುಮಕೂರಿನ ಮೈದಾನದಲ್ಲೇ ನಡೆಯುವುದಿತ್ತು. ಸ್ವಾಗತ ಸಮಿತಿಯ ಅಧ್ಯಕ್ಷರು ಲಾರಿ ಮಾಲೀಕರು. ಅವರು ಪೋಸ್ಟರಿನಲ್ಲಿ ಹುಡುಗನ ಫೋಟೋಕ್ಕಿಂತ ತಮ್ಮ ಫೋಟೋವನ್ನು ಎರಡು ಬೆರಳು ದೊಡ್ಡದಾಗಿ ಹಾಕಿಸಿದ್ದರು.

ಮೂರು ತಿಂಗಳು ದಿನವೂ ಬೆಳಿಗ್ಗೆ ಆರಕ್ಕೆ ತೂಕ. ಹುಡುಗ ಕೋರ ಹಳ್ಳಿಯವರೆಗೆ ಓಡಿ ವಾಪಸ್ ಬರುವ ಹೊತ್ತಿಗೆ ನಾನು ಮಂಡಿಯ ಬಾಗಿಲು ತೆಗೆದಿರುತ್ತಿದ್ದೆ. ನನ್ನದೊಂದು ಕ್ರಮವಿತ್ತು. ಮೊದಲು ತಕ್ಕಡಿಯ ಹಲಗೆ ಒರೆಸಿ ಊದುಬತ್ತಿ ಹಚ್ಚುವುದು. ಆಮೇಲೆ ಖಾಲಿ ಗೋಣಿಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲಿಟ್ಟು, ತಿರುಪು ತಿರುಗಿಸಿ ಕಡ್ಡಿಯನ್ನು ಸೊನ್ನೆಗೆ ತಂದು ನಿಲ್ಲಿಸುವುದು. ಚೀಲ ತೆಗೆದು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರೆ ಅಂಗಡಿ ಶುರು. ಹುಡುಗ ಚಡ್ಡಿಯಲ್ಲಿ ಹತ್ತಿ ನಿಲ್ಲುತ್ತಿದ್ದ, ನಾನು ಗುಂಡು ಸರಿಸಿ ಕೂಗುತ್ತಿದ್ದೆ, ಕೋಚು ಬರೆದುಕೊಳ್ಳುತ್ತಿದ್ದ. ಐವತ್ತಮೂರರಿಂದ ಶುರುವಾಗಿದ್ದು ನೂರು ಇನ್ನೂರು ಗ್ರಾಮಿನಂತೆ ಇಳಿಯುತ್ತಾ ಬಂತು. ಅನ್ನ ನಿಂತಿತು, ಮುದ್ದೆ ನಿಂಬೆಹಣ್ಣಿನ ಗಾತ್ರಕ್ಕೆ ಬಂತು, ಉಪ್ಪು ಹೋಯಿತು. ಗುಬ್ಬಿಯಿಂದ ಅವನ ತಾಯಿ ಹುರಿಗಡಲೆ ಉಂಡೆ ಮಾಡಿ ಕಳಿಸಿದರೆ ಕೋಚು, ನಾನು ತಿನ್ನುತ್ತಿದ್ದೆವು. ಹುಡುಗ ನೋಡುತ್ತಿದ್ದ.

ಅಧಿಕೃತ ತೂಕದ ದಿನ, ಅಂದರೆ ಪಂದ್ಯದ ಹಿಂದಿನ ದಿನ ಬೆಳಿಗ್ಗೆ ನನ್ನ ತಕ್ಕಡಿಯಲ್ಲಿ ಅವನು ಐವತ್ತು ಕೆಜಿ ಆರುನೂರು ಗ್ರಾಂ ಬಂದ. ಇನ್ನೂರು ಗ್ರಾಂ ಒಳಗೇ ಇದ್ದ.

"ಅಣ್ಣ, ಒಂದು ಲೋಟ ಗಂಜಿ ಕುಡೀಲಾ?" ಎಂದು ಕೇಳಿದ. ಅವನ ತುಟಿ ಒಣಗಿ ಸಿಪ್ಪೆ ಎದ್ದಿತ್ತು.

ಕೋಚು ಬೇಡವೆಂದ. ನಾನು ವೇಟ್ ಇನ್‌ಚಾರ್ಜ್ ಗತ್ತಿನಲ್ಲಿ, "ಕುಡೀಲಿ ಬುಡು. ನೂರೈವತ್ತು ಗ್ರಾಂ ಗಂಜಿ, ನಾನು ತೂಗಿ ಕೊಡ್ತೀನಿ," ಎಂದು ತೂಗಿಯೇ ಕೊಟ್ಟೆ. ದಾನಶೂರ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಧ್ಯಾಹ್ನ ಮೂರಕ್ಕೆ ಕ್ಯಾತ್ಸಂದ್ರದ ಹೆದ್ದಾರಿ ಪಕ್ಕದ ಕಲ್ಯಾಣ ಮಂಟಪದಲ್ಲಿ ತೂಕ. ವಧೂವರರು ಕೂರುವ ವೇದಿಕೆಯ ಮೇಲೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ. ಅದನ್ನು ಹೊರದೇಶದಿಂದ ಬಂದ ಸಂಸ್ಥೆಯ ಅಧಿಕಾರಿ ಪೆಟ್ಟಿಗೆಯಲ್ಲಿ ಮಗುವಿನ ಹಾಗೆ ಹೊತ್ತು ತಂದಿದ್ದರು. ನಾನೂ ಬರಿಗೈಯಲ್ಲಿ ಹೋಗಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಸರ್ಕಾರದ ಸೀಲು ಹೊಡೆದ ಐದು ಕೆಜಿಯ ತೂಕದ ಕಲ್ಲನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಮೊದಲು ಥಾಯ್ಲೆಂಡಿನವನು ಹತ್ತಿದ. ಐವತ್ತು ಏಳುನೂರು. ಇಳಿದು ಎಲ್ಲರಿಗೂ ಕೈಮುಗಿದ. ಅಧ್ಯಕ್ಷರು ಅವನ ಕೈಗೊಂದು ಎಳನೀರು ಕೊಟ್ಟರು.

ಆಮೇಲೆ ನಮ್ಮವನು ಹತ್ತಿದ. ಕೆಂಪು ಅಂಕಿಗಳು ಓಡಾಡಿ ನಿಂತವು. ಐವತ್ತೊಂದು ಏಳುನೂರು.

ಅಧಿಕಾರಿ ಗಡಿಯಾರ ನೋಡಿ, ಎರಡು ಗಂಟೆ ಸಮಯವಿದೆ, ಐದು ಗಂಟೆಗೆ ಮತ್ತೆ ತೂಗುತ್ತೇನೆ, ಈಗ ಒಂಬೈನೂರು ಗ್ರಾಂ ಹೆಚ್ಚಿದೆ, ಆಗಲೂ ಹೆಚ್ಚಿದ್ದರೆ ಪಂದ್ಯ ನಡೆಯುತ್ತದೆ, ಆದರೆ ಪಟ್ಟ ಕಣದಲ್ಲಿ ಇರುವುದಿಲ್ಲ ಎಂದರು. ಅಂದರೆ ಹುಡುಗ ಗೆದ್ದರೂ ಬೆಲ್ಟು ಥಾಯ್ಲೆಂಡಿಗೇ ವಾಪಸ್.

ಮೊದಲು ಗಂಟಲು ತೆಗೆದವನು ನಾನೇ. "ಇದು ಬ್ಯಾಟ್ರಿ ತಕ್ಕಡಿ ಸಾರ್! ನಮ್ಮೂರಲ್ಲಿ ಕರೆಂಟನ್ನೇ ನಂಬಂಗಿಲ್ಲ, ಇನ್ನು ಬ್ಯಾಟ್ರಿ ನಂಬೋದಾ? ಇಪ್ಪತ್ತು ವರ್ಷದಲ್ಲಿ ನನ್ನ ತೂಕ ತಪ್ಪಾಗಿಲ್ಲ!"

ಕೋಚು ನನ್ನ ಹಿಂದೆ ನಿಂತ. "ಇದು ಮೋಸ. ನಮ್ಮ ಹತ್ರ ಮೂರು ತಿಂಗ್ಳ ರೆಕಾರ್ಡ್ ಐತೆ!" ಅಧ್ಯಕ್ಷರಿಗಂತೂ ಬಹಳ ದಿನದಿಂದ ಇಂಥದೊಂದು ಸಂದರ್ಭ ಬೇಕಾಗಿತ್ತು. "ಪ್ರೊಟೆಸ್ಟ್! ಬರವಣಿಗೇಲಿ ಕೊಡೋಣ. ಲಾಯರನ್ನ ಕರೆಸ್ತೀನಿ. ಲೆಟರ್‌ಹೆಡ್ ತರೋಕೆ ಯಾರನ್ನಾದ್ರೂ ಕಳಿಸಿ. ತುಮಕೂರಿನ ಮರ್ಯಾದೆ ಪ್ರಶ್ನೆ ಇದು," ಎಂದರು. ಲೆಟರ್‌ಹೆಡ್ ಇದ್ದದ್ದು ಊರೊಳಗಿನ ಅವರ ಆಫೀಸಿನಲ್ಲಿ. ಹೋಗಿ ಬಂದು, ಇಂಗ್ಲಿಷಿನಲ್ಲಿ ಟೈಪ್ ಮಾಡಿಸುವುದರೊಳಗೆ ಐದು ಗಂಟೆಯೇ ಆಗುತ್ತಿತ್ತು.

ಅಧಿಕಾರಿ ತಾಳ್ಮೆಯ ಮನುಷ್ಯ. ಬೇಕಾದರೆ ತಕ್ಕಡಿಯನ್ನು ಪರೀಕ್ಷಿಸಿ ಎಂದು ಕೈ ತೋರಿಸಿದರು. ನಾನು ಮದುವೆ ಗಂಡಿನ ಹಾಗೆ ವೇದಿಕೆ ಹತ್ತಿದೆ. ಚೀಲದಿಂದ ತೂಕದ ಕಲ್ಲು ತೆಗೆದೆ. ಖಾಲಿಯಾದ ಬಟ್ಟೆ ಚೀಲವನ್ನು ನಾಲ್ಕು ಮಡಿಕೆ ಮಾಡಿ ಅವರ ತಕ್ಕಡಿಯ ಮೇಲಿಟ್ಟು, ಸೊನ್ನೆಗೆ ತರಲು ತಿರುಪು ಎಲ್ಲಿದೆ ಎಂದು ಬಗ್ಗಿ ಹುಡುಕತೊಡಗಿದೆ.

"ನೋ, ನೋ," ಎಂದು ಅಧಿಕಾರಿ ಆ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಕೈಗೆ ಕೊಟ್ಟರು. "ಎಂಪ್ಟಿ. ಜೀರೋ ಈಸ್ ಎಂಪ್ಟಿ."

ಚೀಲ ಕೈಯಲ್ಲಿ ಹಿಡಿದು ನಿಂತವನಿಗೆ ಆಗ ಹೊಳೆಯಿತು.

ಮಂಡಿಯಲ್ಲಿ ಮಾಲು ಬರುವುದು ಚೀಲದಲ್ಲಿ. ಚೀಲದ ತೂಕ ಹಣ್ಣಿನ ಲೆಕ್ಕಕ್ಕೆ ಸೇರಬಾರದು. ಅದಕ್ಕೇ ಖಾಲಿ ಚೀಲವಿಟ್ಟು ಸೊನ್ನೆ ಮಾಡಿಕೊಂಡರೆ, ಆಮೇಲೆ ಹತ್ತುವ ಪ್ರತಿಯೊಂದು ಮೂಟೆಯಲ್ಲೂ ಚೀಲದ ಒಂದು ಕೆಜಿ ತಾನಾಗಿಯೇ ಕಳೆದುಹೋಗುತ್ತದೆ. ನ್ಯಾಯವಾದ ಪದ್ಧತಿ, ನನ್ನ ಹೆಮ್ಮೆಯ ಪದ್ಧತಿ. ಆದರೆ ಹುಡುಗ ಚಡ್ಡಿಯಲ್ಲಿ ಬಂದಿದ್ದ, ಚೀಲದಲ್ಲಿ ಬಂದಿರಲಿಲ್ಲ. ಮೂರು ತಿಂಗಳು ನಾನು ಅವನ ಮೈಯಿಂದ ಇಲ್ಲದ ಚೀಲವೊಂದನ್ನು ಕಳೆಯುತ್ತಾ ಬಂದಿದ್ದೆ. ಮೇಲಿಂದ ಗಂಜಿ ಬೇರೆ ಕುಡಿಸಿದ್ದೆ.

ಆದರೂ ಕಲ್ಲು ಇಟ್ಟೆ. ಸರಿಯಾಗಿ ಐದು. ನನ್ನ ಕಲ್ಲೇ ನನ್ನ ವಿರುದ್ಧ ಸಾಕ್ಷಿ ಹೇಳಿತು.

ಈಗ ನಿಜ ಹೇಳಬೇಕು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೋಚು ತಕ್ಕಡಿಯನ್ನು ಬೈಯುತ್ತಿದ್ದ, ಅಧ್ಯಕ್ಷರು ಲಾಯರಿಗೆ ಫೋನು ಮಾಡುತ್ತಿದ್ದರು. ಪ್ರತಿಭಟನೆ ಬಿದ್ದುಹೋದರೆ ಪರದೇಶದ ತಕ್ಕಡಿಯ ಮೋಸ ಎಂದು ಊರಿಡೀ ನಂಬುತ್ತಿತ್ತು, ನನ್ನ ಇಪ್ಪತ್ತು ವರ್ಷ ಹಾಗೆಯೇ ಉಳಿಯುತ್ತಿತ್ತು. ಮೂರೂಕಾಲು ಆಗಿತ್ತು. ಹುಡುಗ ಟವೆಲ್ ಸುತ್ತಿಕೊಂಡು ಯಾರನ್ನೂ ಬೈಯದೆ, ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದ. ಆ ನೋಟ ನನ್ನ ಮುಖಕ್ಕೆ ಬಂದಾಗ ನನಗೆ ತಡೆಯಲಾಗಲಿಲ್ಲ.

"ಫೋನ್ ಮಡಗಿ ಸಾರ್," ಎಂದೆ. "ತಕ್ಕಡಿ ಸರಿಯಾಗೈತೆ. ತಪ್ಪು ನಂದು. ಮೂರು ತಿಂಗ್ಳಿಂದ ಇವನ್ನ ಹುಣಸೆಹಣ್ಣಿನ ಥರ ತೂಗ್ಬುಟ್ಟಿದೀನಿ." ಚೀಲದ ಕಥೆ ಹೇಳಿದೆ.

ಕೋಚು ಹತ್ತಿರ ಬಂದು ಮೆಲ್ಲಗೆ ಕೇಳಿದ. "ಚೀಲ ಕಳ್ದು ತೂಕ ಹೇಳ್ತಿದ್ಯಾ? ಅವನು ಚೀಲದೊಳ್ಗೆ ಇದ್ನೇನ್ಲಾ?"

"ಇರ್ಲಿಲ್ಲ."

"ಮತ್ತೆ?"

"ಅಭ್ಯಾಸ ಕಣೋ."

ಅವನು ನನ್ನನ್ನು ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು. ಆದರೆ ಅವನು ಗಡಿಯಾರ ನೋಡಿ, "ಹಬೆ ಬೇಕು. ಎಲ್ಲಿ ಸಿಗ್ತದೆ?" ಎಂದಷ್ಟೇ ಕೇಳಿದ. ಕ್ಯಾತ್ಸಂದ್ರದಲ್ಲಿ ನಿಂತು ಕೇಳುವ ಪ್ರಶ್ನೆಯೇ ಅದು? ರಸ್ತೆಯಾಚೆ ತಟ್ಟೆ ಇಡ್ಲಿ ಹೋಟೆಲು ಹೊಗೆಯಾಡುತ್ತಿತ್ತು.

ಹೋಟೆಲಿನ ಯಜಮಾನಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಸಂಜೆಯ ಮೊದಲ ಒಬ್ಬೆ ಇಡ್ಲಿ ಏರಿಸುತ್ತಿದ್ದರು. ವಿಷಯ ಕೇಳಿ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, "ಇಡ್ಲಿಗಾದ್ರೆ ಕಾಲು ಗಂಟೆ. ಮನುಷ್ಯನಿಗೆ ಎಷ್ಟೊತ್ತು ಅಂತ ನಂಗೊತ್ತಿಲ್ಲ ಕಣಪ್ಪ. ಕೂತ್ಕೊ," ಎಂದರು. ಎರಡು ದೊಡ್ಡ ಹಬೆ ಪೆಟ್ಟಿಗೆಗಳ ನಡುವಿನ ಸಂದಿಯಲ್ಲಿ ಕೊಳದಪ್ಪಲೆಯೊಂದನ್ನು ಬೋರಲು ಹಾಕಿ ಹುಡುಗನನ್ನು ಕೂರಿಸಿದೆವು. ಮೈಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಕತ್ತರಿಸಿ ತೊಡಿಸಿದೆವು. ಚೀಲ ಎಂಬ ಪದ ಬಂದಾಗಲೆಲ್ಲ ಕೋಚು ನನ್ನ ಕಡೆ ನೋಡುತ್ತಿದ್ದ.

ಕುದುರೆಗೆ ಬೆವರು ಬರಿಸುವ ವಿದ್ಯೆ ಅವನಿಗೆ ಗೊತ್ತಿತ್ತು. ಹತ್ತು ನಿಮಿಷ ಹಬೆ, ಐದು ನಿಮಿಷ ಹಿತ್ತಲಲ್ಲಿ ಹಗ್ಗದಾಟ, ಮತ್ತೆ ಹಬೆ. ಬೆವರು ಬಂದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಬೇಕು, ಒರೆಸದಿದ್ದರೆ ಮೈ ಮತ್ತೆ ಬೆವರುವುದಿಲ್ಲವಂತೆ. ಒರೆಸುವ ಕೆಲಸ ನನ್ನದು. ಇಷ್ಟರಲ್ಲಿ ಇಡ್ಲಿ ಬೇಯುತ್ತಲೇ ಇತ್ತು. ಮುಚ್ಚಳ ತೆಗೆದಾಗಲೆಲ್ಲ ಮಲ್ಲಿಗೆಯಂಥ ಬಿಸಿ ತಟ್ಟೆ ಇಡ್ಲಿಗಳು ಹುಡುಗನ ಮೂಗಿನಿಂದ ಒಂದು ಗೇಣು ದೂರದಲ್ಲಿ ಸಾಲಾಗಿ ಹೊರಗೆ ಹೋಗುತ್ತಿದ್ದವು, ಮೇಲೆ ಬೆಣ್ಣೆ ಬೇರೆ. ಅವನು ಕಣ್ಣು ಮುಚ್ಚಿಕೊಂಡರೂ ಮೂಗು ಮುಚ್ಚಿಕೊಳ್ಳುವುದು ಸಾಧ್ಯವಿರಲಿಲ್ಲ. ಯಜಮಾನಿಗೆ ಅದನ್ನು ಸಹಿಸಲಾಗಲಿಲ್ಲ. "ನನ್ನ ಅಡುಗೆಮನೇಲಿ ಹೊಟ್ಟೆ ಹಸ್ಕೊಂಡು ಯಾರೂ ಕೂತಿದ್ದಿಲ್ಲ. ಒಂದೇ ಒಂದು ಚೂರು ತಿನ್ನು ಮಗ, ಯಾರಿಗೂ ಹೇಳಲ್ಲ," ಎಂದು ಚಟ್ನಿಯಲ್ಲಿ ಅದ್ದಿದ ತುಂಡು ಹಿಡಿದು ಎರಡು ಸಲ ಬಂದರು. ಎರಡು ಸಲವೂ ನಾನು ಕೈ ಅಡ್ಡ ಹಿಡಿದೆ. ಎರಡನೆಯ ಸಲದ ತುಂಡನ್ನು ಕೋಚು ತಿಂದ.

ಹೊರಗೆ ಕೂತ ಗಿರಾಕಿಗಳಿಗೆ ಸುದ್ದಿ ಮುಟ್ಟಿತು. "ಬಾಕ್ಸರ್ ಬೆಂದ್ನಾ?" ಎಂದು ಒಬ್ಬ ಕೂಗಿದ. "ಇನ್ನೊಂದು ಒಬ್ಬೆ ಬೇಕಂತೆ," ಎಂದು ಮಾಣಿ ಉತ್ತರ ಕೊಟ್ಟ.

ನಾಲ್ಕೂ ನಲವತ್ತಕ್ಕೆ ಕರೆದುಕೊಂಡು ಹೋಗಿ ತೂಗಿಸಿದೆವು. ಐವತ್ತು ಒಂಬೈನೂರೈವತ್ತು. ನೂರೈವತ್ತು ಗ್ರಾಂ ಇನ್ನೂ ಹೆಚ್ಚು, ಬೆಳಿಗ್ಗೆ ನಾನು ತೂಗಿ ಕೊಟ್ಟ ಗಂಜಿಯಷ್ಟೇ. ಹುಡುಗನ ಕಣ್ಣು ಗುಳಿ ಬಿದ್ದಿತ್ತು, ಬೆವರು ನಿಂತೇ ಹೋಗಿತ್ತು. ಇನ್ನು ಹಬೆಗೆ ಕೂರಿಸಿದರೆ ಬಿದ್ದುಬಿಡುತ್ತಾನೆ ಎಂದ ಕೋಚು. ಆಗ ನನಗೆ ಅವನ ಸೊಂಟದ ಬೆಳ್ಳಿ ಉಡಿದಾರ ಕಂಡಿತು.

"ಅದು ಬೇಡಣ್ಣ," ಎಂದ ಹುಡುಗ. "ಅವ್ವ ಬಯ್ತಾಳೆ. ಹುಟ್ಟಿದಾಗಿಂದ ತೆಗೆದಿಲ್ಲ."

"ಅವ್ವಂಗೆ ನಾನು ಹೇಳ್ತೀನಿ. ಇವತ್ತು ನನ್ನ ಪಾಪದ ಕೊಡ ತುಂಬೈತೆ, ಇದೊಂದು ಸೇರ್ಲಿ," ಎಂದು ನಾನೇ ಬಿಚ್ಚಿದೆ. ಕೈಯಲ್ಲಿ ತೂಗಿದೆ, ಎಪ್ಪತ್ತು ಗ್ರಾಂ. ಆಮೇಲೆ ಕೂದಲು. ಅವನಿಗೆ ಆ ಕಾಲದ ಹೀರೋಗಳ ಹಾಗೆ ಕತ್ತಿನವರೆಗೆ ಇಳಿಬಿಟ್ಟ ಕೂದಲಿತ್ತು. ಕ್ಷೌರಿಕನನ್ನು ಹುಡುಕಲು ಹೊತ್ತಿರಲಿಲ್ಲ. ಕೋಚು ಕಲ್ಯಾಣ ಮಂಟಪದವರ ಕತ್ತರಿ ಇಸಿದುಕೊಂಡು, ಕುದುರೆಯ ಕೇಸರ ಕತ್ತರಿಸುವ ವೇಗದಲ್ಲಿ ನಾಲ್ಕು ನಿಮಿಷದಲ್ಲಿ ಮುಗಿಸಿದ. ಕೊನೆಗೆ ಹುಡುಗ ಒಂದು ಮೂಲೆಯಲ್ಲಿ ಕೂತು ನನ್ನ ಜೇಬಿನಲ್ಲಿದ್ದ ಹುಣಸೆಹಣ್ಣು ಚೀಪಿ, ಬಾಯಲ್ಲಿ ಊರಿದ ನೀರನ್ನೆಲ್ಲ ಲೋಟಕ್ಕೆ ಉಗುಳತೊಡಗಿದ. ಅದೊಂದು ಸಲಹೆ ನನ್ನದು. ನನ್ನ ಹಣ್ಣು ಅಷ್ಟಾದರೂ ಉಪಕಾರ ಮಾಡಲಿ ಎಂದು.

ಐದಕ್ಕೆ ಎರಡು ನಿಮಿಷ ಇರುವಾಗ ಅವನು ಮತ್ತೆ ತಕ್ಕಡಿ ಹತ್ತಿದ. ಇಬ್ಬರು ಟವೆಲ್ ಅಡ್ಡ ಹಿಡಿದರು, ಅವನು ಚಡ್ಡಿಯನ್ನೂ ಬಿಚ್ಚಿದ. ನಾನು ನೋಡಲಾರದೆ ವೇದಿಕೆಯ ಹಿಂದಿನ ಥರ್ಮಾಕೋಲ್ ನವಿಲನ್ನು ನೋಡುತ್ತಾ ನಿಂತೆ. ಅಧಿಕಾರಿ ಅಂಕಿ ಓದಿದರು. ಐವತ್ತು ಎಂಟುನೂರು. ಅಧ್ಯಕ್ಷರು ನನ್ನನ್ನು ತಬ್ಬಿಕೊಂಡರು. ನಾನೇ ಅಪರಾಧಿ ಎಂಬುದು ಆಮೇಲೆ ನೆನಪಾಗಿ ಬಿಟ್ಟರು.

ಮರುದಿನ ಸಂಜೆ ಮೈದಾನ ತುಂಬಿತ್ತು. ಗುಬ್ಬಿಯಿಂದ ಎರಡು ಬಸ್ಸು, ಕುಣಿಗಲ್ಲಿನಿಂದ ಒಂದು ಲಾರಿ ಜನ. ಹುಡುಗ ರಾತ್ರಿಯಿಡೀ ನೀರು, ಗಂಜಿ ಕುಡಿದು ಸ್ವಲ್ಪ ಚೇತರಿಸಿಕೊಂಡಿದ್ದ. ಬೋಳುತಲೆಯಲ್ಲಿ ಅವನ ತಾಯಿಗೇ ಗುರುತು ಸಿಗಲಿಲ್ಲ. ತಕ್ಕಡಿ ಮುಗಿದ ಮೇಲೆ ನನ್ನ ಹುದ್ದೆ ಬಕೆಟ್ ಹಿಡಿಯುವುದಕ್ಕೆ ಇಳಿದಿತ್ತು. ಹತ್ತು ಸುತ್ತು, ಸುತ್ತಿಗೆ ಮೂರು ನಿಮಿಷ. ಗಂಟೆ ಹೊಡೆದ ಕೂಡಲೇ ಸ್ಟೂಲು ಒಳಗೆ, ಬಕೆಟ್ ಒಳಗೆ, ಬಾಯಿ ಮುಕ್ಕಳಿಸಲು ನೀರು. ಒಂದು ನಿಮಿಷಕ್ಕೆ ಎಲ್ಲ ಹೊರಗೆ.

ಮೊದಲ ಆರು ಸುತ್ತು ನಮ್ಮವನು ಹೊಡೆದ ಹೊಡೆತಗಳನ್ನು ನೋಡಿದರೆ ಈ ಪ್ರಾಣಿಯೇ ಗುಬ್ಬಿ ಬಸ್ಸಿನಲ್ಲಿ ನಿಂತುಕೊಂಡು ಬರುವುದು ಎಂದು ಯಾರೂ ನಂಬುತ್ತಿರಲಿಲ್ಲ. ಥಾಯ್ಲೆಂಡಿನವನ ಹುಬ್ಬು ಒಡೆಯಿತು. ಏಳನೆಯ ಸುತ್ತಿನಲ್ಲಿ ಅವನು ಎಡಗೈಯಲ್ಲಿ ಪಕ್ಕೆಗೆ ಹೊಡೆಯಲು ಶುರುಮಾಡಿದ, ಒಂದೇ ಜಾಗಕ್ಕೆ, ಕಲ್ಲು ಕುಟಿಗನ ಹಾಗೆ. ನಮ್ಮವನ ಕಾಲು ಭಾರವಾದವು. ಆ ಕಾಲು ಎತ್ತಲಾಗದಿದ್ದಾಗಲೆಲ್ಲ ನಾನು ಹಿಂದಿನ ದಿನ ಹಬೆಯಲ್ಲಿ ಇಳಿಸಿದ ಗ್ರಾಮುಗಳನ್ನು ಎಣಿಸುತ್ತಿದ್ದೆ. ಒಂಬತ್ತನೆಯ ಸುತ್ತಿನಲ್ಲಿ ಅದೇ ಎಡಗೈಗೆ ಹುಡುಗ ಮಂಡಿಯೂರಿದ. ರೆಫರಿ ಎಂಟು ಎಣಿಸುವಷ್ಟರಲ್ಲಿ ಎದ್ದ. ಹತ್ತನೆಯ ಸುತ್ತಿನಲ್ಲಿ ಎಲ್ಲಿಂದ ಶಕ್ತಿ ತಂದನೋ, ಗಂಟೆ ಹೊಡೆಯುವವರೆಗೂ ಹಿಂದೆ ಸರಿಯದೆ ಹೊಡೆದ. ಆದರೆ ಮೂವರು ತೀರ್ಪುಗಾರರಲ್ಲಿ ಇಬ್ಬರು ಥಾಯ್ಲೆಂಡಿನವನಿಗೆ ಕೊಟ್ಟರು. ಬೆಲ್ಟು ಅವನ ಸೊಂಟದಲ್ಲೇ ಉಳಿಯಿತು. ಅಧ್ಯಕ್ಷರು ಮೈಕಿನಲ್ಲಿ ನೈತಿಕ ಗೆಲುವು ತುಮಕೂರಿನದೇ ಎಂದು ಘೋಷಿಸಿದರು. ಥಾಯ್ಲೆಂಡಿನವನು ಅದಕ್ಕೂ ಕೈಮುಗಿದ.

ಬಟ್ಟೆ ಬದಲಿಸಲು ಕೊಟ್ಟಿದ್ದ ಕೋಣೆಯಲ್ಲಿ ಹುಡುಗ ಬೆಂಚಿನ ಮೇಲೆ ಕೂತಿದ್ದ. ಕೋಚು ಐಸ್ ತರಲು ಹೋಗಿದ್ದ. ನಾನು ಎದುರಿಗೆ ನೆಲದ ಮೇಲೆ ಕೂತೆ. ಎರಡು ದಿನ ತಡೆದದ್ದು ಒಮ್ಮೆಗೇ ಬಂತು. ನಲವತ್ತು ದಾಟಿದ ಗಂಡಸು, ಬಕೆಟ್ ಪಕ್ಕದಲ್ಲಿಟ್ಟುಕೊಂಡು ಅತ್ತೆ.

"ನನ್ನಿಂದ ಆಯ್ತು ಕಣಪ್ಪ. ಆ ಚೀಲ ಒಂದಿಲ್ದಿದ್ರೆ ನೀನು ಬೇಯ್ತಿರ್ಲಿಲ್ಲ. ಬೇಯ್ದೆ ಇದ್ದಿದ್ರೆ ಗೆಲ್ತಿದ್ದೆ. ನಿನ್ನ ಸೋಲಿಸ್ದೋನು ನಾನು."

ಹುಡುಗ ಊದಿದ ಕಣ್ಣನ್ನು ಅರ್ಧ ತೆರೆದು ನನ್ನನ್ನೇ ನೋಡಿದ. ಮೂರು ತಿಂಗಳಲ್ಲಿ ಮೊದಲ ಸಲ ಅವನಿಗೆ ಸಿಟ್ಟು ಬಂದಿತ್ತು.

"ಏನಣ್ಣ ನೀನು? ಒಂಬತ್ತನೇ ರೌಂಡಲ್ಲಿ ಆ ಎಡಗೈ ನೋಡಿದ್ಯಾ? ನನಗೆ ಬರೋದೇ ಕಾಣ್ಸಲಿಲ್ಲ. ಅಂಥ ಕೈ ನಾನು ಎಲ್ಲೂ ನೋಡಿಲ್ಲ. ವರ್ಲ್ಡ್ ಚಾಂಪಿಯನ್ ಜೊತೆ ಹತ್ತು ರೌಂಡ್ ನಿಂತು ಸೋತೆ ಅಂತ ಸಾಯೋಗಂಟ ಹೇಳ್ಕೊಂಡು ತಿರುಗ್ಬೇಕು ಅಂತಿದೀನಿ. ನೀನು ನೋಡಿದ್ರೆ ಗೋಣಿಚೀಲಕ್ಕೆ ಸೋತ ಅಂತ ಮಾಡ್ತಿದೀಯಲ್ಲ!"

ಅವನು ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದ. ಗ್ಲೌಸಿನ ದಾರ ಇನ್ನೂ ಬಿಚ್ಚಿರಲಿಲ್ಲ. ಗಂಟು ಒದ್ದೆಯಾಗಿ ಬಿಗಿದುಕೊಂಡಿತ್ತು, ಹಲ್ಲಿನಲ್ಲಿ ಕಚ್ಚಿ ಬಿಚ್ಚಿದೆ.